ಯಾರದೂ ಅಲ್ಲದ ಪಟ್ಟೆ

ಆ ವರ್ಷ ನಮ್ಮ ಗದ್ದೆ ಎಂಗೆ ಬಿರುಕು ಬುಟ್ಟಿತ್ತು ಅಂದ್ರೆ, ಅದರೊಳಕ್ಕೆ ನನ್ನ ಅಂಗೈ ಇಳೀತಿತ್ತು. ಸುಳ್ಳಲ್ಲ. ಇದೇ ಕೈ, ನೋಡ್ಕಳಿ ಬೇಕಾದ್ರೆ. ಬತ್ತ ಹೊಡೆ ತುಂಬ್ಕಂಡು ನಿಂತಿತ್ತು. ಬಸುರಿಗೆ ಬಾಯಾರಿದ್ರೆ ನೀರು ಕೊಡದೆ ಇರ್ತಾರಾ ಯಾರಾದ್ರೂ? ನಮ್ಮ ಬತ್ತಕ್ಕೆ ಒಂದೇ ಒಂದು ನೀರು ಬೇಕಾಗಿತ್ತು. ಸಿಕ್ಕಿದ್ರೆ ತೆನೆ. ಸಿಕ್ಕಲಿಲ್ಲ ಅಂದ್ರೆ ಜೊಳ್ಳು.

ನನ್ನ ಹೆಸ್ರು ದೊಡ್ಡತಾಯಮ್ಮ. ಊರು ಹೊಂಗೆಕೊಪ್ಪಲು, ಸಂತೆಬಾಚಳ್ಳಿ ಮಗ್ಗುಲಲ್ಲಿ. ಕೇರಿಯೋಳು. ಗಂಡನ ಹೆಸ್ರ ಬಾಯಲ್ಲಿ ಯೋಳಬಾರ್ದು ಅಂತಾರೆ. ನಾನು ಯೋಳ್ತೀನಿ, ಕರಿಯಯ್ಯ. ಯಾಕೆ ಯೋಳ್ದೆ ಅಂತ ಕೊನೇಗೆ ನಿಮಗೇ ಗೊತ್ತಾಯ್ತದೆ.

ಕರಿಯಯ್ಯ ಪಟೇಲ ಚಿಕ್ಕಸ್ವಾಮಿಗೌಡ್ರ ಮನೇಲಿ ಜೀತಕ್ಕಿದ್ದ. ಅವರಪ್ಪನೂ ಅಲ್ಲೇ ಇದ್ದೋನು. ಪಟೇಲ್ಕೆ ತೆಗೆದಾಕವ್ರೆ ಅಂತ ಪಂಚಾಯ್ತಿ ರೇಡಿಯೋದಲ್ಲಿ ಬಂದು ವರ್ಷಗಳೇ ಆಗಿದ್ರೂವೆ, ನಮ್ಮೂರ್ಗೆ ಆ ಸುದ್ದಿ ತಲುಪಿರಲಿಲ್ಲ ಅನ್ನಿ. ನಮ್ಮ ಮೈಮೇಲಿನ ಬಟ್ಟೆಯಿಂದ ಹಿಡ್ದು ಗುಡ್ಲಿನ ಗಳು ತಂಕ ಎಲ್ಲ ಅವರ್ದೇ. ಅವರ್ದಲ್ಲದ್ದು ಅಂತ ಇದ್ದದ್ದು ಆ ಗದ್ದೆ ಒಂದೇ. ನಮ್ಮವ್ವ ಕಲ್ಲು ಆಯ್ದು ಆಯ್ದು, ಕಾಲುವೆ ಕೊನೇಲಿ ಮಾಡಿ ಕೊಟ್ಟಿದ್ದು.

ಪಟೇಲ್ರು ಆ ವರ್ಷ ಬಾಯ್ಬುಟ್ಟು ಅಂದಿದ್ರು, "ಲೇ ಕರಿಯಯ್ಯ, ಈ ಸಲಾನೂ ಜೊಳ್ಳು ಬಂದ್ರೆ ಆ ಗದ್ದೇಯ ನನ್ನ ಆರಂಬಕ್ಕೆ ಸೇರಿಸ್ಬುಡ್ಲಾ. ನಿನ್ನ ಹೆಂಡ್ರೂ ಮಗಳೂ ಕೊಟ್ಟಿಗೆ ಕೆಲ್ಸಕ್ಕೆ ಬರ್ಲಿ. ಒಟ್ಟೇನಾದ್ರೂ ತುಂಬ್ತದೆ."

ನಮ್ಮೋನು "ಊಂ ಬುದ್ದಿ" ಅಂದು ಬಂದ. ನನಗೆ ಬಂದ ಕ್ವಾಪಕ್ಕೆ ಮುದ್ದೆ ತಿರುವೋ ಕೋಲ ತಗಂಡು ಒಲೆ ಕಲ್ಲಿಗೆ ಕುಟ್ಟಿದೆ. ನಾನು ಹೋಗಬೋದು, ಕೊಟ್ಟಿಗೆ ಗುಡಿಸಬೋದು. ನನ್ನ ಮಗಳ ಯಾಕೆ ಕಳಿಸ್ಲಿ? ಅವಳ ತಾತ ಹೋದ, ಅಪ್ಪ ಹೋದ, ಸಾಲ್ದಾ?

ಇನ್ನು ನೀರಿನ ವಿಚಾರ. ನಮ್ಮ ಕೆರೆ ತೂಬಿನತಾವ ಒಂದು ಗ್ವಾಡೆ ಅದೆ. ನಾಟಿ ಕಾಲ ಬಂತು ಅಂದ್ರೆ ನೀರುಗಂಟಿ ನರಸಯ್ಯ ಕೆಮ್ಮಣ್ಣು ಕಲಸ್ಕಂಡು ಬಂದು, ಸುಣ್ಣದ ಮ್ಯಾಲೆ ತುದಿಯಿಂದ ಬುಡಕ್ಕೆ ಗೆರೆ ಎಳೀತಿದ್ದ. ಎರಡು ಗೆರೆ ಮಧ್ಯೆ ಇರೋದು ಪಟ್ಟೆ. ಒಂದು ಗದ್ದೆಗೆ ಒಂದು ಪಟ್ಟೆ. ನಿಮ್ಮ ಗದ್ದೆಗೆ ಒಂದು ನೀರು ಬುಟ್ರೆ ನಿಮ್ಮ ಪಟ್ಟೇಲಿ ಒಂದು ಬೊಟ್ಟು ಮಡಗ್ತಾನೆ. ಯಾರ ಪಟ್ಟೇಲಿ ಬೊಟ್ಟು ಕಮ್ಮಿಯೋ ಅವರಿಗೆ ಮುಂದಿನ ನೀರು. ಅಷ್ಟೆಯ.

ಪಟ್ಟೆ ಮ್ಯಾಲೆ ಹೆಸ್ರು ಇರಲಿಲ್ಲ. ಯಾವ ಕಾಲಕ್ಕೂ ಇರಲಿಲ್ಲ. ಬರ್ದ್ರೆ ಓದೋರು ಯಾರು ನಮ್ಮೂರಲ್ಲಿ? ತೂಬಿಗೆ ಹತ್ರದ ಗದ್ದೆ ಮೊದಲ್ನೇ ಪಟ್ಟೆ, ಅದರ ಕೆಳಗಿನ ಗದ್ದೆ ಎರಡ್ನೇದು, ಅಂಗೇ ಕಾಲುವೆ ಇಳ್ಕಂಡು ಹೋದಂಗೆ. ಮೊದಲ್ನೇದು ಪಟೇಲ್ರುದು. ಆಮ್ಯಾಕೆ ನಾಗರಾಜಂದು, ಅವನ ದಾಯಾದಿದು, ಪುಟ್ಟಲಕ್ಷ್ಮಮ್ಮಂದು. ಅಲ್ಲಿಂದ ಕೆಳಕ್ಕೆ ನಮ್ಮ ಕೇರಿದು. ಅಂದಾನಯ್ಯಂದು, ಬೀರಮ್ಮಂದು, ನಂದು. ಒಟ್ಟು ಏಳು.

ಆದ್ರೆ ಕೇಳಿ, ಆ ಏಳನ್ನ ಒಂದೇ ಸಲಕ್ಕೆ ಎಣಿಸ್ದೋರು ನಮ್ಮೂರಲ್ಲಿ ಯಾರೂ ಇರಲಿಲ್ಲ. ಊರೋರು ಏರಿ ಮ್ಯಾಲಿಂದ ಬರ್ತಿದ್ರು. ಅತ್ಲಾ ಕಡೆಯಿಂದ ಒಂದು, ಎರಡು, ಮೂರು ಅಂತ ಅವರವರ್ದು ಬರೋಗಂಟ ಎಣಿಸ್ಕಂಡು ವಾಪಸ್ ಹೋಗ್ತಿದ್ರು. ನಾವು ಏರಿ ಮ್ಯಾಲೆ ಕಾಲು ಇಡೋ ಅಂಗಿರಲಿಲ್ಲ, ಅಲ್ಲಿ ಏರಿಯಮ್ಮನ ಗುಡಿ ಅದೆ. ನಾವು ಕಾಲುವೆ ಬದಿಯಿಂದ ಹತ್ತಿ ಇತ್ಲಾ ಕಡೆಯಿಂದ ಎಣಿಸ್ತಿದ್ದೊ. ಕೊನೇದು ನಂದು, ಅದರ ಪಕ್ಕದ್ದು ಬೀರಮ್ಮಂದು, ಅದರಾಚೆದು ಅಂದಾನಯ್ಯಂದು. ಅಲ್ಲಿಗೆ ಮುಗೀತು. ಊರೋರು ಗ್ವಾಡೆತಾವ ಇದ್ರೆ ನಾವು ಕೆಳಗೆ ಹೊಂಗೆ ಮರದಡಿ ಕಾಯ್ಬೇಕು. ಅವರು ಹೋದ ಮ್ಯಾಲೆ ನಾವು. ಒಟ್ಗೆ ನಿಂತಿದ್ದೇ ಇಲ್ಲ.

ಆ ವರ್ಷ ಯಾಕೋ ಸರದಿ ಬರೋದೇ ತಡ ಆಗಾಕೆ ಶುರುವಾಯ್ತು. ಊರಲ್ಲಿ ಅಂತಿದ್ರು, "ಕೇರಿಯೋರು ಕದ್ದು ಕಾಲುವೆ ಮಡೆ ಒಡೀತಾವ್ರೆ." ಕೇರೀಲಿ ನಾವು ಅಂತಿದ್ದೊ, "ಊರೋರು ನೀರ ಕುಡ್ದು ನಮಗೆ ಕೆಸರು ಬುಡ್ತಾವ್ರೆ." ಬೈಕೊಳ್ಳಾಕೆ ಏನು, ಬಾಯಿಗೆ ಬರ ಇತ್ತಾ?

ಒಂದಿನ ಸುಡೋ ಬಿಸ್ಲಲ್ಲಿ ನಾನು ಗ್ವಾಡೆತಾವ ಹೋದೆ. ಯಾರೂ ಇರಲಿಲ್ಲ. ನನ್ನ ಪಟ್ಟೆ ನೋಡ್ಕಂಡೆ. ಬೊಟ್ಟು ಇದ್ದದ್ದು ಬೆರಳಲ್ಲಿ ಮುಚ್ಚೋ ಅಷ್ಟೇ. ಅಷ್ಟರಲ್ಲಿ ಏರಿ ಕಡೆಯಿಂದ ಪುಟ್ಟಲಕ್ಷ್ಮಮ್ಮ ಬಂದ್ಲು. ಗೌಡ್ರ ಪೈಕಿಯೋಳೇ, ಗಂಡ ಸತ್ತು ಒಬ್ಳೇ ಗೇಯೋಳು. ಮೈಯೆಲ್ಲ ಬೆವರು.

"ಯಾರಮ್ಮಿ ಅದು? ಇಳಿಯಮ್ಮಿ ಕೆಳಕ್ಕೆ. ನಾನು ನೋಡ್ಬೇಕು."

ಇನ್ನೊಂದು ದಿನ ಆಗಿದ್ರೆ ಇಳೀತಿದ್ದೆ. ಅವತ್ತು ಆಗ್ನಿಲ್ಲ.

"ಇಳಿಯಾಕಿಲ್ಲ ಅವ್ವೋರೆ. ನೀವು ಅತ್ಲಾಗಿಂದ ನೋಡ್ಕಳಿ, ನಾನು ಇತ್ಲಾಗಿಂದ ನೋಡ್ಕತೀನಿ."

"ಅಯ್ಯಯ್ಯೋ, ಬಾಯಿ ನೋಡು ಇವಳ್ದ! ಕೆರೆ ನೀರೆಲ್ಲಾನೂ ನೀವೇ ಕುಡ್ಕಂಡು ನನ್ನೇ ಗದರಿಸ್ತೀಯಾ?"

"ನಾವು ಕುಡ್ದೊ? ಬನ್ನಿ, ನನ್ನ ಗದ್ದೆ ಬಿರುಕಿಗೆ ಕೈ ಇಕ್ಕಿ ನೋಡಿ, ಆಮ್ಯಾಕೆ ಮಾತಾಡಿ!"

"ನನ್ನ ಗದ್ದೇಲಿ ಕಾಲೇ ಇಳೀತದೆ ಕನಮ್ಮಿ! ಬೊಟ್ಟು ಸುಳ್ಳು ಯೋಳ್ತದಾ? ನೋಡು." ಪುಟ್ಟಲಕ್ಷ್ಮಮ್ಮ ಗ್ವಾಡೆ ಮ್ಯಾಲೆ ಕೈ ಇಟ್ಲು. "ಒಂದು ಪಟೇಲ್ರುದು. ಎರಡು ನಾಗರಾಜಂದು. ಮೂರು ಅವನ ದಾಯಾದಿದು. ನಾಕು ನಂದು. ಎಷ್ಟದೆ ನೋಡು ಬೊಟ್ಟು?"

ಕಮ್ಮಿನೇ ಇದ್ದೊ.

"ನಂದೂ ನೋಡಿ. ಕೊನೇದು ನಂದು. ಇದು ಬೀರಮ್ಮಂದು. ಇದು ಅಂದಾನಯ್ಯಂದು. ಎಲ್ಲವ್ರೆ ಕುಡ್ದೋರು?"

ಅವಳ ಬೆರಳು ಅವಳ ಪಟ್ಟೆ ಮ್ಯಾಲೆ. ನನ್ನ ಬೆರಳು ಅಂದಾನಯ್ಯನ ಪಟ್ಟೆ ಮ್ಯಾಲೆ. ಎರಡು ಕೈಯೂ ಕೂಡ್ಬೇಕಲ್ಲ? ಕೂಡ್ನಿಲ್ಲ. ಮಧ್ಯೆ ಒಂದು ಪಟ್ಟೆ ಉಳ್ಕಂಡಿತ್ತು. ಅದರ ತುಂಬಾ ಬೊಟ್ಟು, ಅಮ್ಮ ಎದ್ದ ಮೈಯಂಗೆ, ಸುಣ್ಣ ಕಾಣ್ದಂಗೆ.

ಪುಟ್ಟಲಕ್ಷ್ಮಮ್ಮ ಬಾಯಿ ತಕ್ಕಂಡು ನನ್ನೇ ನೋಡಿದ್ಲು.

"ಇದ್ಯಾರ್ದಮ್ಮಿ?"

"ನಿಮ್ಮ ಊರೋರ್ದಲ್ವಾ ಅವ್ವೋರೆ?"

"ನಮ್ದಲ್ಲ. ನಿಮ್ಮ ಕೇರಿದು ಅನ್ಕಂಡಿದ್ದೆ."

"ಅಯ್ಯೋ ನಮ್ಮವ್ವ! ನಾವು ನಿಮ್ದು ಅನ್ಕಂಡಿದ್ದೊ!"

ಇನ್ನೊಂದು ಸಲ ಎಣಿಸ್ದೊ. ಇಬ್ರೂ ಒಟ್ಗೆ, ಒಂದೇ ಕಡೆಯಿಂದ, ಗಟ್ಟಿಯಾಗಿ. ಎಂಟು. ಗದ್ದೆ ಏಳು, ಪಟ್ಟೆ ಎಂಟು. ನಾಟಿ ಕಾಲದಿಂದ್ಲೂ ಅದು ನಮ್ಮ ಕಣ್ಣೆದ್ರಿಗೇ ಇತ್ತು. ನಾವು ಅತ್ಲಾಗಿಂದ ನಾಕು, ಇತ್ಲಾಗಿಂದ ಮೂರು ಎಣಿಸ್ಕಂಡು ಒಬ್ಬರಿಗೊಬ್ರು ಶಾಪ ಹಾಕ್ತಾ ಕೂತಿದ್ದೊ. ಪುಟ್ಟಲಕ್ಷ್ಮಮ್ಮಂಗೆ ನಗು ಬಂದ್ಬುಡ್ತು. ನಗ್ತಾ ನಗ್ತಾ ಸೆರಗಲ್ಲಿ ಕಣ್ಣು ಒರೆಸ್ಕಂಡ್ಲು.

"ನಡಿ," ಅಂದ್ಲು. "ಈ ನೀರು ಎಲ್ಲಿಗೆ ಹೋಗ್ತದೆ ನೋಡ್ಬುಡಾವ."

ಕಾಲುವೆ ಹಿಡ್ಕಂಡು ಹೋದೊ. ಬಿದ್ರು ಮೆಳೆತಾವ ಚಪ್ಪಡಿ ಕಲ್ಲು ಮುಚ್ಚಿದ್ರು. ಎತ್ತಿ ನೋಡಿದ್ರೆ ಕೆಳಗೆ ಗಳಗಳ ಅಂತ ನೀರು. ಅದರ ಜಾಡು ಹಿಡ್ದು ಮೆಳೆಯಾಚೆ ಹೋದ್ರೆ, ದನ ಮೇಯೋ ಗೋಮಾಳ ಇತ್ತಲ್ಲ, ಅಲ್ಲಿ ಕಬ್ಬು! ಆಳುದ್ದ ಕಬ್ಬು. ಪಟೇಲ್ರುದು. ಗರಿ ಎಲ್ಲ ಮಿರಮಿರ ಅಂತಿತ್ತು. ನಮ್ಮ ಬತ್ತದ ಬಾಯಿಂದ ಕಿತ್ತ ನೀರು ಅಲ್ಲಿ ಪಾದ ಮುಳುಗೋ ಅಷ್ಟು ನಿಂತಿತ್ತು.

ಅದಕ್ಕೆ ನೀರು ಕಟ್ತಾ ಇದ್ದೋನು ಯಾರು ಅಂತೀರಿ? ನಮ್ಮ ಕರಿಯಯ್ಯ. ಗುದ್ಲಿ ಹಿಡ್ಕಂಡು, ಮೊಣಕಾಲ್ಗಂಟ ಕೆಸ್ರು ಮಾಡ್ಕಂಡು.

"ಯಾರ್ದು ಈ ನೀರು?" ಅಂತ ಕೇಳಿದೆ.

"ಬುದ್ದಿಯೋರು ಕಟ್ಲಾ ಅಂದ್ರು, ಕಟ್ತಾವ್ನಿ. ಯಾರ್ದು ಅಂತ ಕೇಳಾಕೆ ನಾನ್ಯಾರು?"

"ನಿನ್ನ ಹೆಂಡ್ರು ಗದ್ದೇದು ಕನಾ! ಇಲ್ಲಿ ನಿಂತಿರಾದು ನಿನ್ನ ಮಗಳು ಉಣ್ಣೋ ಅನ್ನ!"

ಅವನು ಗುದ್ಲಿ ನೋಡಿದ, ನೀರು ನೋಡಿದ. ಅವತ್ತು ಮುದ್ದೇನೂ ಮುಟ್ನಿಲ್ಲ.

ಸಂಜೆ ಹೊತ್ಗೆ ಕೇರಿಗೂ ಊರ್ಗೂ ಸುದ್ದಿ ಹಬ್ಬಿತು. ಎಲ್ಲಾರೂ ಪಟೇಲ್ರ ಮನೆ ಮುಂದಕ್ಕೆ ಹೋದೊ. ಊರೋರು ಜಗಲಿ ಮ್ಯಾಲೆ, ನಾವು ಅಂಗಳದಾಚೆ. ಅಂದಾನಯ್ಯ ಕೈ ಮುಗ್ದು ಕೇಳ್ದ, "ಬುದ್ದಿ, ಆ ಐದ್ನೇ ಪಟ್ಟೆ ಯಾರ್ದು?"

ಪಟೇಲ್ರು ಎಲೆ ಅಡಕೆ ಉಗುದ್ರು. ನಾಚಿಕೆ ಇಲ್ಲ, ಗಾಬರಿ ಇಲ್ಲ.

"ನಂದು ಕಣ್ಲಾ. ನಮ್ಮ ತಾತನ ಕಾಲದಿಂದ್ಲೂ ನಂದೇ."

"ಏಳು ಪಟ್ಟೆ ಇದ್ದದ್ದು ಬುದ್ದಿ."

"ಯಾರ್ಲಾ ಯೋಳಿದ್ದು ಏಳು ಅಂತ? ನೀನು ಎಣಿಸಿದ್ದಾ? ನಾಗರಾಜು, ನೀನು ಎಣಿಸಿದ್ಯಾ ಒಂದಿನಾನಾದ್ರೂ?"

ನಾಗರಾಜು ತಲೆ ಬಗ್ಗಿಸ್ದ. ಎಣಿಸಿರಲಿಲ್ಲವಲ್ಲ.

"ಪಟ್ಟೆ ಮ್ಯಾಲೆ ಹೆಸ್ರು ಅದಾ? ಇದ್ರೆ ತೋರ್ಸಿ, ಈಗ್ಲೇ ಬುಟ್ಕೊಡ್ತೀನಿ. ಇದು ಇಂಥೋನ್ದು ಅಂತ ಎಲ್ಲಿ ಬರ್ದದೆ? ನರಸಯ್ಯ, ನೀನು ಯೋಳ್ಲಾ. ಎಷ್ಟು ಎಳ್ದೆ?"

ನರಸಯ್ಯ ನಮ್ಮ ಕೇರಿಯೋನೇ. ಅವನ ಗುಡ್ಲು ಇದ್ದದ್ದು ಪಟೇಲ್ರ ಹಿತ್ಲಲ್ಲಿ. ಅವನು ಹೆಬ್ಬೆಟ್ಟಲ್ಲಿ ನೆಲ ಕೆರೀತಾ, "ಎಂಟು ಬುದ್ದಿ," ಅಂದ. ಸುಳ್ಳೇನಲ್ಲ. ಎಳ್ದಿದ್ದು ಎಂಟೇ. ಎಳಿ ಅಂದೋರು ಯಾರು, ಸರದಿ ಮೀರಿ ಅದಕ್ಕೆ ನೀರು ಬುಡಿಸ್ದೋರು ಯಾರು ಅಂತ ಯಾರೂ ಕೇಳ್ನಿಲ್ಲ, ಅವನು ಯೋಳ್ನಿಲ್ಲ.

ಮಾರನೇ ದಿನ ನೋಡಿದ್ರೆ ಗ್ವಾಡೆ ಬೆಳ್ಳಗೆ ಹೊಳೀತದೆ. ಪಟೇಲ್ರು ಸುಣ್ಣ ಹೊಡ್ಸಿಬುಟ್ಟಿದ್ರು. ಬೊಟ್ಟೂ ಇಲ್ಲ, ಗೆರೆಯೂ ಇಲ್ಲ. "ಜಗಳ ಯಾಕೆ? ನಾಳೆ ಹೊಸ್ದಾಗಿ ಎಂಟು ಎಳೀಲಿ, ಎಲ್ಲಾರ್ಗೂ ಮೊದ್ಲಿಂದ ಸರದಿ" ಅಂತ ಸಾರಿಸಿದ್ರು. ಮೊದ್ಲಿಂದ ಅಂದ್ರೆ ನನ್ನ ಸರದಿ ಕಟ್ಟಕಡೇಗೆ. ಅಷ್ಟೊತ್ಗೆ ನನ್ನ ಬತ್ತ ಹುಲ್ಲಾಗಿರ್ತದೆ, ನನ್ನ ಮಗಳು ಕೊಟ್ಟಿಗೇಲಿರ್ತಾಳೆ.

ನಾನು ನೆಟ್ಟಗೆ ಪುಟ್ಟಲಕ್ಷ್ಮಮ್ಮನ ಹಿತ್ಲಿಗೆ ಹೋದೆ. ಅಂದಾನಯ್ಯನೂ ಬಂದ, ಬೀರಮ್ಮಜ್ಜಿನೂ ಕೋಲೂರ್ಕಂಡು ಬಂದ್ಲು. ಅಂದಾನಯ್ಯ ಅಂದ, "ಕೆಮ್ಮಣ್ಣಲ್ಲಿ ಅಂಗೈ ಅದ್ದಿ ಪಟ್ಟೆ ತಲೆ ಮ್ಯಾಲೆ ಒತ್ತಿಬುಡಾವ. ಅವರವರ ಕೈ ಅವರವರ ಗುರುತು."

"ಸುಣ್ಣ ಹೊಡುದ್ರೆ ಅಂಗೈನೂ ಹೋಯ್ತದೆ ಕನಣ್ಣ," ಅಂದೆ. "ಮೈ ಹೋಗಾಕಿಲ್ಲ. ನಾವೇ ನಿಂತ್ಕಬುಡಾವ. ಅವರವರ ಪಟ್ಟೆ ಮುಂದೆ ಅವರವರು. ನಮ್ಮ ಮ್ಯಾಲೆ ಸುಣ್ಣ ಹೊಡೀಲಿ ನೋಡಾವ."

ಬೀರಮ್ಮಜ್ಜಿ ಹಲ್ಲಿಲ್ಲದ ಬಾಯಲ್ಲಿ ಕಿಸಕ್ಕನೆ ನಕ್ಕಳು. "ನನಗೆ ಹೊಡುದ್ರೆ ನರೆಗೂದ್ಲು ಮುಚ್ಕತದೆ, ಒಳ್ಳೇದೇ ಆಯ್ತು."

"ನಾಗರಾಜಂಗೂ ಅವನ ದಾಯಾದಿಗೂ ನಾನು ಯೋಳ್ತೀನಿ," ಅಂದ್ಲು ಪುಟ್ಟಲಕ್ಷ್ಮಮ್ಮ. "ಬರ್ನಿಲ್ಲ ಅಂದ್ರೆ ಅವರ ಮನೆ ಬಾಗಿಲಲ್ಲಿ ಕೂತ್ಕತೀನಿ."

ಬೆಳಿಗ್ಗೆ ಊರಿಗೆ ಊರೇ ತೂಬಿನತಾವ ಸೇರಿತ್ತು. ನಾವು ಕಾಲುವೆ ಬದಿಯಿಂದ ಹೋಗ್ನಿಲ್ಲ. ಏರಿ ಮ್ಯಾಲೇ ಹೋದೊ, ಏರಿಯಮ್ಮನ ಗುಡಿ ಮುಂದೇನೇ. ಅಮ್ಮ ಏನೂ ಅನ್ನಲಿಲ್ಲ. ಪೂಜಾರಿ ಒಬ್ಬ "ಏಯ್, ಏಯ್" ಅಂದ, ಯಾರೂ ತಿರುಗಿ ನೋಡ್ನಿಲ್ಲ.

ಗ್ವಾಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತೊ. ಅತ್ಲಾ ತುದೀಲಿ ಒಬ್ರು ನಿಲ್ಲೋ ಜಾಗ ಬುಟ್ಟೊ, ಅದು ನ್ಯಾಯವಾಗಿ ಪಟೇಲ್ರುದು. ಆಮ್ಯಾಕೆ ನಾಗರಾಜು, ಅವನ ದಾಯಾದಿ, ಪುಟ್ಟಲಕ್ಷ್ಮಮ್ಮ. ಅಂದಾನಯ್ಯ ಮಾತ್ರ ಅವಳ ಪಕ್ಕ ಬರದೆ ದೂರಕ್ಕೇ ನಿಂತಿದ್ದ.

"ಬಾ ಅಂದಾನಯ್ಯ, ಯಾಕೆ ನಿಂತೆ?"

"ಮೈ ತಾಕ್ತದೆ ಅವ್ವೋರೆ."

"ತಾಕ್ಲಿ ಬುಡಪ್ಪ. ನನ್ನ ಬತ್ತ ಒಣಗ್ವಾಗ ಮಡಿಯಾಗಿರೋರು ಯಾರು ಬಂದಿದ್ರು?"

ಅವನು ಬಂದು ನಿಂತ. ಬೀರಮ್ಮಜ್ಜಿ ನಿಂತ್ಲು. ಕೊನೇಗೆ ನಾನು.

ಪಟೇಲ್ರು ಬಂದ್ರು, ಹಿಂದೆ ನಮ್ಮ ಕರಿಯಯ್ಯ ಛತ್ರಿ ಹಿಡ್ಕಂಡು. ನರಸಯ್ಯ ಕೆಮ್ಮಣ್ಣಿನ ಕುಡಿಕೆ ಇಟ್ಕಂಡು ಕಾಯ್ತಿದ್ದ.

"ಏನ್ಲಾ ಇದು ನಾಟ್ಕ?"

ನಾನೇ ಅಂದೆ. ಅದಕ್ಕೂ ಮುಂಚೆ ಪಟೇಲ್ರ ಮುಖ ನೋಡ್ಕಂಡು ಒಂದು ಮಾತು ಆಡ್ದೋಳಲ್ಲ ನಾನು. "ಪಟ್ಟೆ ಮ್ಯಾಲೆ ಹೆಸ್ರಿಲ್ಲ ಅಂದ್ರಲ್ಲ ಬುದ್ದಿ, ಹೆಸ್ರಿನೋರೇ ಬಂದಿವಿ ನೋಡಿ. ನರಸಣ್ಣ ನಮ್ಮ ನಮ್ಮ ಮಧ್ಯೆ ಗೆರೆ ಎಳೀಲಿ. ಒಂದು ಮೈಗೆ ಒಂದು ಪಟ್ಟೆ. ಮೊದಲ್ನೇ ಜಾಗ ನಿಮ್ದು, ಬುಟ್ಟಿವಿ."

"ಐದ್ನೇದು?"

"ಅದೂ ನಿಮ್ದೇ ಅಂದ್ರೆ ಅಲ್ಲೇ ಬಂದು ನಿಂತ್ಕಳಿ. ಅವ್ವೋರೆ, ಒಸಿ ಜರುಗಿ." ಪುಟ್ಟಲಕ್ಷ್ಮಮ್ಮ ಜರುಗಿದ್ಲು. ಅವಳಿಗೂ ಅಂದಾನಯ್ಯಂಗೂ ಮಧ್ಯೆ ಒಬ್ರು ನಿಲ್ಲೋ ಅಷ್ಟು ಜಾಗ ಆಯ್ತು. "ಬನ್ನಿ ಬುದ್ದಿ. ಅಂದಾನಯ್ಯನ ಹೆಗಲಿಗೆ ಹೆಗಲು ಕೊಟ್ಟು ನಿಂತ್ಕಳಿ. ಆದ್ರೆ ಎರಡು ಕಡೆ ನಿಲ್ಲಾಕಾಗಾಕಿಲ್ಲ. ಯಾವ್ದು ಬೇಕು ನೋಡ್ಕಳಿ."

ಜನ ಮುಸಿಮುಸಿ ಅಂದ್ರು. ಪಟೇಲ್ರ ಮುಖ ಕೆಂಪಗಾಯ್ತು. ದಡದಡ ಹೋಗಿ ಮೊದಲ್ನೇ ಜಾಗದಲ್ಲಿ ನಿಂತ್ರು. ಅಲ್ಲಿಂದ್ಲೇ ಕೂಗಿದ್ರು.

"ಒಂದು ಮೈ ತಾನೇ ಬೇಕು ನಿಮಗೆ? ಲೇ ಕರಿಯಯ್ಯ! ಹೋಗ್ಲಾ, ಐದ್ನೇದ್ರಲ್ಲಿ ನಿಂತ್ಕ. ನನ್ನ ಆಳು, ನನ್ನ ಪಟ್ಟೆ."

ಇದು ನನಗೆ ಹೊಳ್ದೇ ಇರಲಿಲ್ಲ. ನಮ್ಮೋನ ಮೈಯೂ ಅವರ್ದೇ ಅಲ್ವಾ? ನನ್ನ ಗಂಡನ್ನೇ ತಂದು ನನ್ನ ನೀರಿಗೆ ಅಡ್ಡ ನಿಲ್ಲಿಸ್ತಾವ್ರೆ.

ಕರಿಯಯ್ಯ ಛತ್ರಿ ಮಡಿಸ್ದ. ಅದನ್ನ ಪಟೇಲ್ರ ಪಕ್ಕ ಗ್ವಾಡೆಗೆ ಒರಗಿಸ್ದ. ತಲೆ ತಗ್ಗಿಸ್ಕಂಡು ನಡ್ಕಂಡು ಬಂದ. ನಾಗರಾಜು ಮುಂದೆ ಬಂದ, ಅವನ ದಾಯಾದಿ ಮುಂದೆ ಬಂದ, ಪುಟ್ಟಲಕ್ಷ್ಮಮ್ಮನ ಮುಂದೆ ಬಂದ. ಖಾಲಿ ಜಾಗದತಾವ ಒಂದು ಗಳಿಗೆ ನಿಂತ. ನಾನು ಕಣ್ಣು ಮುಚ್ಕಂಡುಬುಟ್ಟೆ.

"ಅಲ್ಲಲ್ಲ ಕಣ್ಲಾ! ಎಲ್ಲಿಗ್ಲಾ ಹೋಗ್ತೀಯಾ? ಐದ್ನೇದು! ಐದ್ನೇದು!"

ಕಣ್ಣು ಬುಟ್ರೆ ಕರಿಯಯ್ಯ ನನ್ನ ಮುಂದೆ ಇದ್ದ. ಬಂದು ನನ್ನ ಪಕ್ಕ, ಗ್ವಾಡೆಗೆ ಬೆನ್ನು ಕೊಟ್ಟು ನಿಂತ್ಕಂಡ.

"ನನಗೆ ಅತ್ಲಾಗಿಂದ ಎಣಿಸಾಕೆ ಬರಾಕಿಲ್ಲ ಬುದ್ದಿ," ಅಂದ. "ಕೊನೇದು ನಮ್ದು. ಅಷ್ಟೇ ಗೊತ್ತು."

"ಮನೆತಾವ ಬಾ ಮಗನೇ, ಮಾಡ್ತೀನಿ ನಿನಗೆ!"

"ಬರಾಕಿಲ್ಲ ಬುದ್ದಿ."

ಆ ಮಾತ ಅವನಪ್ಪ ಆಡಿರಲಿಲ್ಲ, ಅವರಪ್ಪನಪ್ಪನೂ ಆಡಿರಲಿಲ್ಲ. ಅದ್ಕೇ ಯೋಳಿದ್ದು ಅವನ ಹೆಸ್ರ. ಕರಿಯಯ್ಯ. ಎಲ್ಲಿ ಬೇಕಾದ್ರೂ ಯೋಳ್ತೀನಿ.

ಪುಟ್ಟಲಕ್ಷ್ಮಮ್ಮ ಜರುಗಿದೋಳು ಮತ್ತೆ ಇತ್ಲಾಗೆ ಜರುಗಿದ್ಲು. ಅವಳ ತೋಳು ಅಂದಾನಯ್ಯನ ತೋಳಿಗೆ ತಗಲ್ತು. ಅವನು ಹಿಂದಕ್ಕೆ ಸರೀನಿಲ್ಲ, ಅವಳೂ ಸರೀನಿಲ್ಲ. ಖಾಲಿ ಜಾಗ ಮುಚ್ಕತ್ತು.

"ಎಳಿ ನರಸಣ್ಣ," ಅಂದೆ.

"ಎಂಟು ಕಣ್ಲಾ ನರಸಯ್ಯ! ನಿನ್ನ ಗುಡ್ಲು ಎಲ್ಲದೆ ಅಂತ ನೆನಪಿರ್ಲಿ!" ಪಟೇಲ್ರ ಗಂಟ್ಲು ಒಡ್ಕತ್ತು.

ನರಸಯ್ಯ ಬಟ್ಟೆ ಸುತ್ತಿದ ಕಡ್ಡಿಯ ಕೆಮ್ಮಣ್ಣಿಗೆ ಅದ್ದಿದ. ಈ ತುದಿಯಿಂದ ಆ ತುದಿಗಂಟ ನಮ್ಮನ್ನೆಲ್ಲ ನೋಡಿದ.

"ಎಂಟ್ನೇದು ಎಳಿಯಾಕೆ ಸಂದಿ ಎಲ್ಲದೆ ಬುದ್ದಿ?" ಅಂದ. ಅಂದು ನನ್ನ ತಾವ್ಲಿಂದ್ಲೇ ಶುರು ಮಾಡ್ದ. ಕೊನೇ ಪಟ್ಟೆಯಿಂದ. ಗೆರೆ ಎಳೀವಾಗ ಕೆಮ್ಮಣ್ಣು ನನ್ನ ರಟ್ಟೆ ಮ್ಯಾಲೆ ಇಳೀತು, ಬೀರಮ್ಮಜ್ಜಿ ಸೆರಗಿಗೆ ಮೆತ್ಕತ್ತು. ನಾವು ಯಾರೂ ಅಲ್ಲಾಡ್ನಿಲ್ಲ. ಗೆರೆ ಎಲ್ಲ ಮುಗಿದ ಮ್ಯಾಲೆ ಅವನೇ ಕೇಳ್ದ, "ಮೊದಲ ನೀರು ಯಾರ್ಗೆ?"

"ಕೊನೇಯೋಳ್ಗೆ," ಅಂದ್ಲು ಪುಟ್ಟಲಕ್ಷ್ಮಮ್ಮ. "ಅವಳ ಬೊಟ್ಟು ನಾನು ಕಣ್ಣಾರೆ ನೋಡಿವ್ನಿ." ನಾಗರಾಜು "ಊಂ" ಅಂದ. ಅವನ ದಾಯಾದಿನೂ ಊಂ ಅಂದ.

ನರಸಯ್ಯ ತೂಬು ಎತ್ತಿದ. ನಾನು ಗ್ವಾಡೆ ಬುಟ್ಟು ಕದಲ್ನಿಲ್ಲ, ನಾವು ಯಾರೂ ಕದಲ್ನಿಲ್ಲ, ಪಟೇಲ್ರು ಅಲ್ಲೇ ನಿಂತಿದ್ರಲ್ಲ. ಕರಿಯಯ್ಯ ಒಬ್ನೇ ಸಾಲು ಬುಟ್ಟು, ಅಂದಾನಯ್ಯನ ಗುದ್ಲಿ ಇಸ್ಕಂಡು, ನೀರಿನ ಜೊತೇಲೇ ಕಾಲುವೆ ಬದೀಲಿ ಇಳ್ದು ನಮ್ಮ ಗದ್ದೆಗೆ ನೀರು ಕಟ್ಟಾಕೆ ಹೋದ.